ಚಂದ್ರನಿಗೂ ಪಹಣಿ ಉಂಟೆ?

ಶೀರ್ಷಿಕೆಯನ್ನು ಓದಿದೊಡನೆ ವಾಚಕರು ನಕ್ಕಾರು. ನಗಲಿ. ಈ ಪ್ರಶ್ನೆ ನನ್ನದಲ್ಲ, ನನ್ನ ಅಜ್ಜನದು. ಕಳೆದ ಚಳಿಗಾಲದ ರಜೆಯಲ್ಲಿ ಸಿದ್ದಾಪುರ ತಾಲೂಕಿನ ನಮ್ಮ ಹಳ್ಳಿಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಮೊದಲು ಮನೆಯವರೆಲ್ಲ ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದೆವು. ತೋಟದ ಮೇಲೆ ಶುಕ್ಲಪಕ್ಷದ ಅರೆಚಂದ್ರನಿದ್ದ. ಅವನ ಕಡೆ ಕೈ ತೋರಿಸಿ, “ಅಜ್ಜಾ, ಅಲ್ಲೊಂದು ಕುಳಿಗೆ ನಮ್ಮ ದೇಶದವರೊಬ್ಬರ ಹೆಸರಿಟ್ಟಿದ್ದಾರೆ, ವಿಕ್ರಮ್ ಸಾರಾಭಾಯಿ ಅಂತ” ಎಂದೆ. ಅಜ್ಜ ಸುಲಿಯುವ ಕತ್ತಿಯನ್ನು ಬದಿಗಿಟ್ಟು ಮೇಲೆ ನೋಡಿದರು. “ಹಂಗಾರೆ ಚಂದ್ರಂಗೂ ಪಾಣಿ ಆತೇನೋ ತಮಾ? ಆ ಜಾಗ ಈಗ ಅವ್ರ ಹೆಸರಿಗೇ ಆತಾ?” ಎಂದು ಕೇಳಿದರು. ಮನೆಯವರು ನಕ್ಕರು, ಅಜ್ಜ ನಗಲಿಲ್ಲ.

ಅಜ್ಜ ನಗದಿರುವುದಕ್ಕೆ ಕಾರಣವುಂಟು. ಅವರ ಪ್ರಾಯದ ದಿನಗಳಲ್ಲಿ ಊರಿನಲ್ಲಿ ಅವರಿಗೆ ಸ್ವಂತ ಹೆಸರೆಂಬುದು ಇದ್ದೂ ಇಲ್ಲದಂತಿತ್ತು. “ಇಂಥವರ ಮನೆಯ ಒಕ್ಕಲು” ಎಂದರೆ ಸಾಕು, ಯಾರೆಂದು ಎಲ್ಲರಿಗೂ ತಿಳಿಯುತ್ತಿತ್ತು. ಗೇಣಿಗೆ ಮಾಡುತ್ತಿದ್ದ ಭೂಮಿಯ ಕಾಗದಗಳಲ್ಲಿ ಒಡೆಯರ ಹೆಸರಿತ್ತೇ ಹೊರತು ಉಳುವವನದು ಇರಲಿಲ್ಲ. ಭೂ ಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಅವರು ಫಾರ್ಮು ನಂಬರು 7ನ್ನು ತುಂಬಿಸಿ ಕೊಟ್ಟರು. ಕೆಲವು ವರ್ಷ ಅಲೆದರು. ಕೊನೆಗೆ ಒಂದು ಎಕರೆ ಚಿಲ್ಲರೆ ಜಾಗದ ಪಹಣಿಯಲ್ಲಿ ಅವರ ಹೆಸರು ಬಂತು. ಆ ಕಾಗದವನ್ನು ಅವರು ಇಂದಿಗೂ ದೇವರ ಕೋಣೆಯ ಗೂಡಿನಲ್ಲಿಟ್ಟಿದ್ದಾರೆ. ಅವರ ಮಟ್ಟಿಗೆ ಒಂದು ಜಾಗಕ್ಕೆ ಒಬ್ಬನ ಹೆಸರು ಬರುವುದೆಂದರೆ ತಮಾಷೆಯ ಮಾತಲ್ಲ.

ಇನ್ನು ಆ ಕುಳಿಯ ಕಥೆಯನ್ನು ಕೇಳಿರಿ. ಅದಕ್ಕೂ ಮೊದಲು ಸ್ವಂತ ಹೆಸರಿರಲಿಲ್ಲ. ಚಂದ್ರನ ನಕಾಶೆಯಲ್ಲಿ ದೊಡ್ಡ ಕುಳಿಗೆ ಹೆಸರಿಟ್ಟು, ಅದರ ಸುತ್ತಣ ಸಣ್ಣ ಕುಳಿಗಳಿಗೆ ಆ ಹೆಸರಿನ ಮುಂದೆಯೇ ಎ, ಬಿ, ಸಿ ಎಂದು ಅಕ್ಷರ ಹಚ್ಚುವುದು ಪದ್ಧತಿ. ಅದರಂತೆ ಈ ಕುಳಿಯನ್ನು ‘ಬೆಸೆಲ್ ಎ’ ಎನ್ನುತ್ತಿದ್ದರು. ಎಂದರೆ ಬೆಸೆಲ್ ಎಂಬ ಕುಳಿಯ ಒಕ್ಕಲು! 1973ರಲ್ಲಿ ಅಂತಾರಾಷ್ಟ್ರೀಯ ಖಗೋಲ ಸಂಘವು ಅದಕ್ಕೆ ಸಾರಾಭಾಯಿಯವರ ಹೆಸರನ್ನು ಕೊಟ್ಟಿತು. ನನ್ನ ಅಜ್ಜನ ಪಹಣಿಗೂ ಈ ಕುಳಿಯ ಪಹಣಿಗೂ ಹೆಚ್ಚು ಅಂತರವಿಲ್ಲ.

ಹೆಸರು ಸಿಕ್ಕಿತು, ಸಂತೋಷ. ಆದರೆ ಹೆಸರು ಸಿಕ್ಕಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯಿತೆ? ಸ್ಪರ್ಧಾ ಪರೀಕ್ಷೆಗಾಗಿ “ಚಂದ್ರನ ಯಾವ ಕುಳಿಗೆ ಯಾವ ಭಾರತೀಯನ ಹೆಸರು?” ಎಂಬುದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ಕುಳಿ ಹೇಗಿದೆ, ಹೇಗಾಯಿತು, ಅದರ ಸುತ್ತ ಏನಿದೆ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಹೆಸರನ್ನು ಹೊಗಳಿ ಕುಳಿಯನ್ನು ಮರೆಯುವುದು ನಮಗೆ ಅಂಟಿದ ಒಂದು ರೋಗವೆಂದು ನನ್ನ ನಮ್ರ ಅಭಿಪ್ರಾಯ. ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಒಂದೇ: ನೋಡಿದವನಿಗೇ ಹೆಸರಿನ ಅರ್ಥ ತಿಳಿಯುವುದು; ಆದ್ದರಿಂದ ನಮಗೆ ನೋಡಲು ಬಿಡಬೇಕು.

ಮೊದಲು ಕುಳಿಯನ್ನೇ ನೋಡೋಣ. ಹುಣ್ಣಿಮೆಯ ಚಂದ್ರನಲ್ಲಿ ನಮ್ಮ ಹಿರಿಯರು ಮೊಲವನ್ನು ಕಂಡರಷ್ಟೆ. ಆ ಮೊಲವಾಗಿರುವುದು ಚಂದ್ರನ ಕಪ್ಪು ಬಯಲುಗಳಿಂದ. ಹಿಂದಿನ ಯುರೋಪಿಯನ್ ಪಂಡಿತರು ಅವನ್ನು ಸಮುದ್ರಗಳೆಂದು ಕರೆದರು. ಅಲ್ಲಿ ಹನಿ ನೀರಿಲ್ಲ. ಬಹು ಹಿಂದೆ ಒಳಗಿನಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾರಸದ ನೆಲವದು. ಅಂಥ ಬಯಲುಗಳಲ್ಲೊಂದು ‘ಮೇರ್ ಸೆರೆನಿಟಾಟಿಸ್’. ಕನ್ನಡದಲ್ಲಿ ‘ನೆಮ್ಮದಿಯ ಕಡಲು’ ಎನ್ನಬಹುದು. ಅದರ ಅಗಲ ಸುಮಾರು 700 ಕಿಲೋಮೀಟರು. ಈ ಕಡಲಿನ ಮಧ್ಯಭಾಗದಲ್ಲಿ, ತುಸು ಪೂರ್ವಕ್ಕೆ, ಸಾರಾಭಾಯಿ ಕುಳಿ ಇದೆ. ಅದರ ಅಡ್ಡಗಲ ಸುಮಾರು 8 ಕಿಲೋಮೀಟರು. ಉಬ್ಬಿದ ಅಂಚಿನಿಂದ ತಳದವರೆಗೆ ಆಳ ಸುಮಾರು 1.7 ಕಿಲೋಮೀಟರು. ನಮ್ಮ ಸಿದ್ದಾಪುರದ ಗಡಿಯಲ್ಲಿ ಜೋಗವಿದೆ. ಅದರ ಎತ್ತರ 253 ಮೀಟರು. ಆರು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಆ ಕುಳಿಯ ಅಂಚು ಮುಟ್ಟದು, ಏಳನೆಯದು ಬೇಕಾದೀತು.

ಇಷ್ಟು ದೊಡ್ಡ ಕುಳಿ ಇಲ್ಲಿಂದ ನಮಗೆ ಎಷ್ಟಾಗಿ ಕಾಣುತ್ತದೆ? ಚಂದ್ರನ ಸರಾಸರಿ ದೂರ 3,84,400 ಕಿಲೋಮೀಟರು. ಇದು ತ್ರೈರಾಶಿಕದ ಲೆಕ್ಕ, ಆರ್ಟ್ಸಿನವನೂ ಮಾಡಬಹುದು. ಎರಡು ಸೆಂಟಿಮೀಟರಿನ ಒಂದು ಸುಲಿದ ಅಡಿಕೆಯನ್ನು ಸುಮಾರು ಒಂದು ಕಿಲೋಮೀಟರು ದೂರದಲ್ಲಿಟ್ಟು ನೋಡಿದರೆ ಎಷ್ಟೋ ಅಷ್ಟು. ಅದೇ ದೂರದಲ್ಲಿ ಒಬ್ಬ ಆಳು ನಿಂತರೆ ಅವನ ಎತ್ತರ ನೆಮ್ಮದಿಯ ಕಡಲಿನ ಅಗಲಕ್ಕೆ ಸಮ. ಆಳು ಬರಿಗಣ್ಣಿಗೆ ಕಂಡಾನು, ಅಡಿಕೆ ಕಾಣದು. ಆದ್ದರಿಂದಲೇ ದುರ್ಬೀನು ಬೇಕು.

ಕುಳಿ ಆದದ್ದು ಹೇಗೆ? ಯಾವುದೋ ಕಾಲದಲ್ಲಿ ಒಂದು ಬಂಡೆ ಆಕಾಶದಿಂದ ಬಂದು ಅಪ್ಪಳಿಸಿತು. ಅಂಥ ಬಂಡೆಗಳ ವೇಗ ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರು. ನಾವು ಕೆಸರಿಗೆ ಕಲ್ಲೆಸೆದರೆ ಕಲ್ಲಿನಷ್ಟೇ ಗುಂಡಿಯಾಗುತ್ತದೆ. ಅಲ್ಲಿ ಹಾಗಲ್ಲ. ಆ ವೇಗದಲ್ಲಿ ಬಿದ್ದ ಬಂಡೆ ಸ್ಫೋಟಕದಂತೆ ಸಿಡಿಯುತ್ತದೆ. ತನಗಿಂತ ಹತ್ತಿಪ್ಪತ್ತು ಪಟ್ಟು ಅಗಲದ ನೆಲವನ್ನು ಬಗೆದು ಸುತ್ತಲೂ ಎರಚುತ್ತದೆ. ಅದರಿಂದಲೇ ಕುಳಿ ದುಂಡಗೆ, ಅಂಚು ಎತ್ತರ. ಎಂಟು ಕಿಲೋಮೀಟರಿನ ಕುಳಿಯನ್ನು ತೋಡಿದ ಬಂಡೆ ಒಂದು ಕಿಲೋಮೀಟರಿಗಿಂತ ಸಣ್ಣದಿದ್ದೀತು. ಲಾವಾ ಹೆಪ್ಪುಗಟ್ಟಿದ ಮೇಲೆ ಆದ ಪೆಟ್ಟು ಇದಾದ್ದರಿಂದ, ಕುಳಿಯು ಆ ಕಡಲಿನ ನೆಲಕ್ಕಿಂತ ಈಚಿನದು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೀಗೆ ಅನುಮಾನದಿಂದ ತಿಳಿಯುವುದು ಇತಿಹಾಸದ ವಿದ್ಯಾರ್ಥಿಗೆ ಹೊಸದೇನೂ ಅಲ್ಲ. ಶಾಸನದ ಮೇಲೆ ಶಾಸನ ಕೆತ್ತಿದ್ದರೆ ನಾವೂ ಹೀಗೆಯೇ ಕಾಲ ನಿರ್ಣಯಿಸುತ್ತೇವೆ.

ಸುತ್ತಣ ಸೀಮೆಯೂ ಸಾಮಾನ್ಯದ್ದಲ್ಲ. ಪೂರ್ವಕ್ಕೆ ಒಂದು ಉದ್ದನೆಯ ಏಣು ಹಾವಿನಂತೆ ಹರಿದಿದೆ. ಅದರ ಹೆಸರು ‘ಡೋರ್ಸಾ ಸ್ಮಿರ್ನೋವ್’. ಕಾಯಿಸಿದ ಹಾಲು ಆರುವಾಗ ಮೇಲಿನ ಕೆನೆ ಸುಕ್ಕುಗಟ್ಟುವುದನ್ನು ಕಂಡಿದ್ದೀರಲ್ಲ. ಹೆಪ್ಪುಗಟ್ಟಿದ ಲಾವಾದ ನೆಲ ತನ್ನ ಭಾರಕ್ಕೆ ತಾನೇ ಕುಸಿದು ಒತ್ತಿಕೊಂಡಾಗ ಎದ್ದ ಸುಕ್ಕುಗಳು ಇಂಥವು. ಇನ್ನೂ ಪೂರ್ವಕ್ಕೆ, ಕುಳಿಯಿಂದ 250-300 ಕಿಲೋಮೀಟರು ಸಾಗಿದರೆ ಕಡಲಿನ ದಂಡೆ. ಅಲ್ಲಿಯ ಒಂದು ಕಣಿವೆಯಲ್ಲಿ 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಇಬ್ಬರು ಇಳಿದು ಓಡಾಡಿದರು, ಅವರಲ್ಲೊಬ್ಬರು ಭೂವಿಜ್ಞಾನಿ. ಅದರ ಉತ್ತರಕ್ಕೆ ಲೆ ಮೊನಿಯೆ ಎಂಬಲ್ಲಿ 1973ರ ಜನವರಿಯಲ್ಲಿ ರಷ್ಯದ ಲೂನಾ 21 ಇಳಿದು ಲೂನೊಖೋದ್ 2 ಎಂಬ ಗಾಡಿಯನ್ನು ಓಡಿಸಿತು. ನೈರುತ್ಯಕ್ಕೆ ಸುಮಾರು 120 ಕಿಲೋಮೀಟರು, ಎಂದರೆ ಹೆಚ್ಚು ಕಡಿಮೆ ಶಿರಸಿಯಿಂದ ಕಾರವಾರಕ್ಕೆ ಹೋದಷ್ಟು ದೂರದಲ್ಲಿ, ನೆರೆಮನೆಯ ಬೆಸೆಲ್ ಕುಳಿ ಇದೆ. ಅದರ ಅಗಲ ಇದರ ಎರಡರಷ್ಟು.

ಈ ಇಬ್ಬರು ನೆರೆಹೊರೆಯವರ ವಿಷಯದಲ್ಲಿ ನನಗೆ ತುಂಬ ಕುತೂಹಲ. ಸಾರಾಭಾಯಿ ಅಹಮದಾಬಾದಿನ ಗಿರಣಿ ಮಾಲಿಕರ ಮನೆಯಲ್ಲಿ 1919ರಲ್ಲಿ ಹುಟ್ಟಿದವರು, ಕೇಂಬ್ರಿಜ್ಜಿನಲ್ಲಿ ಓದಿದವರು. ಎರಡನೆಯ ಮಹಾಯುದ್ಧ ಶುರುವಾದಾಗ ದೇಶಕ್ಕೆ ಮರಳಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರ ಕೈಕೆಳಗೆ ವಿಶ್ವಕಿರಣಗಳ ಅಭ್ಯಾಸ ಮಾಡಿದರು. ನಮ್ಮ ನೆರೆಯ ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ಅವರು ಇವರ ಶಿಷ್ಯರು; 1975ರಲ್ಲಿ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿಸಿದವರು. ಸಾರಾಭಾಯಿಯವರು 1971ರಲ್ಲಿಯೇ ತೀರಿಕೊಂಡಿದ್ದರಿಂದ ಅದನ್ನು ನೋಡಲಿಲ್ಲ.

ಬೆಸೆಲ್ ಯಾರು? ಅವನು ಜರ್ಮನಿಯವನು, ಗಿರಣಿ ಮಾಲಿಕನ ಮಗನಲ್ಲ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಬ್ರೆಮೆನ್ ಪಟ್ಟಣದ ಒಂದು ವ್ಯಾಪಾರದ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ಹಡಗಿನ ವ್ಯಾಪಾರ ತಿಳಿಯಲೆಂದು ದಿಕ್ಕು-ದೂರಗಳ ಗಣಿತ ಕಲಿತ. ಅದರಿಂದ ನಕ್ಷತ್ರಗಳ ಗಣಿತಕ್ಕೆ ಹೋದ. ಹಗಲು ಅಂಗಡಿ, ರಾತ್ರಿ ಅಭ್ಯಾಸ. ಇಪ್ಪತ್ತನೆಯ ವಯಸ್ಸಿಗೆ ಹ್ಯಾಲಿ ಧೂಮಕೇತುವಿನ ಹಾದಿಯನ್ನು ಹಳೆಯ ದಾಖಲೆಗಳಿಂದ ಲೆಕ್ಕ ಹಾಕಿ ತೋರಿಸಿದ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಈ ಲೆಕ್ಕಿಗನೇ ಮುಂದೆ ಕೋನಿಗ್ಸ್‌ಬರ್ಗಿನ ವೇಧಶಾಲೆಯ ಮುಖ್ಯಸ್ಥನಾದ. 1838ರಲ್ಲಿ ಒಂದು ನಕ್ಷತ್ರದ ದೂರವನ್ನು ಅಳೆದು ಜಗತ್ತಿಗೆ ತಿಳಿಸಿದ.

ವಾಚಕರೆ, ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ರಜೆಯಲ್ಲಿ ನಾನೂ ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾಶಿ ಎಷ್ಟು, ಚಾಲಿ ಎಷ್ಟು, ಯಾರ ಚೀಲ, ಎಷ್ಟು ತೂಕ ಎಂದು ಬರೆದು ಕಾಲೇಜಿನ ಖರ್ಚು ನೀಗಿಸುತ್ತೇನೆ. ನನ್ನ ತಂದೆ ಏಳನೆಯ ಇಯತ್ತೆಯವರೆಗೆ ಓದಿದವರು. ನಮ್ಮ ಮನೆಯಲ್ಲಿ ಪದವಿಯ ಪರೀಕ್ಷೆಗೆ ಕೂಡುವವನು ನಾನೇ ಮೊದಲಿಗ. ನಾನು ಬೆಸೆಲ್ಲನಾಗುತ್ತೇನೆಂದು ಹೇಳಿಕೊಳ್ಳುವಷ್ಟು ಹುಚ್ಚನಲ್ಲ. ಆದರೆ ಗಿರಣಿ ಮಾಲಿಕರ ಮಗನಿಗೂ ಅಂಗಡಿಯ ಲೆಕ್ಕಿಗನಿಗೂ ಒಂದೇ ಕಡಲಿನಲ್ಲಿ ಜಾಗ ಉಂಟೆಂಬ ಮಾತು ನನ್ನಂಥವನಿಗೆ ಸಣ್ಣದಲ್ಲ.

ಇನ್ನು ನನ್ನ ದೂರಿಗೆ ಬರುತ್ತೇನೆ. ನಾನು ಓದಿದ ಹೈಸ್ಕೂಲಿನಲ್ಲಿ ಒಂದು ದುರ್ಬೀನು ಇತ್ತು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಗಾಜಿನ ಬಾಗಿಲಿನಿಂದ ಅದರ ಒಂದು ತುದಿ ಕಾಣುತ್ತಿತ್ತು. ನಾವು ಅದರಿಂದ ಚಂದ್ರನನ್ನು ನೋಡುವ ಬದಲು ಮೂರು ವರ್ಷ ಅದನ್ನೇ ನೋಡಿದೆವು! ಕೇಳಿದಾಗಲೆಲ್ಲ “ಒಡೆದರೆ ಜವಾಬ್ದಾರಿ ಯಾರದು?” ಎಂಬ ಉತ್ತರ. ಒಮ್ಮೆ ಮಾತ್ರ, ಯಾರೋ ಅಧಿಕಾರಿಗಳು ಬಂದ ದಿನ, ಹೊರತೆಗೆದು ಮೇಜಿನ ಮೇಲಿಟ್ಟರು. ನಡುಹಗಲು, ದುರ್ಬೀನಿನ ಮುಖ ಗೋಡೆಯ ಕಡೆಗೆ. ಮಾಸ್ತರರನ್ನು ನಾನು ದೂಷಿಸುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ವಸ್ತು ಸರಿಯಾಗಿದ್ದರೆ ಸಾಕು, ಮಕ್ಕಳು ನೋಡಿದರೆ ಬಿಟ್ಟರೆ ಯಾರೂ ಕೇಳುವುದಿಲ್ಲ ಎಂಬ ವ್ಯವಸ್ಥೆಯಲ್ಲಿ ಅವರಾದರೂ ಏನು ಮಾಡಿಯಾರು?

ಕಡೆಗೆ ನಾನು ದುರ್ಬೀನಿನಲ್ಲಿ ಕಣ್ಣಿಟ್ಟದ್ದು ಇದೇ ಫೆಬ್ರುವರಿಯಲ್ಲಿ. ಮಂಡಿಗೆ ಬರುವ ಹವ್ಯಾಸಿಯೊಬ್ಬರು ನನ್ನ ಆಸೆಯನ್ನು ಕೇಳಿ ಶಿರಸಿಯ ತಮ್ಮ ಮನೆಯ ತಾರಸಿಗೆ ಕರೆದರು. ಅವರದು ಆರು ಇಂಚಿನ ಕನ್ನಡಿಯ ದುರ್ಬೀನು. ಹುಣ್ಣಿಮೆಗೆ ಬರುತ್ತೇನೆಂದರೆ ಅವರು ಬೇಡವೆಂದರು. ಹುಣ್ಣಿಮೆಯ ದಿನ ಸೂರ್ಯನ ಬೆಳಕು ನೇರವಾಗಿ ಬೀಳುವುದರಿಂದ ನೆರಳಿಲ್ಲ. ನೆರಳಿಲ್ಲದೆ ಕುಳಿಯ ಆಳ ತಿಳಿಯದು. ಶುಕ್ಲ ಷಷ್ಠಿ-ಸಪ್ತಮಿಗಳಲ್ಲಿ ಸಾರಾಭಾಯಿ ಕುಳಿಯ ಮೇಲೆ ಬೆಳಗಿನ ಓರೆ ಬಿಸಿಲು ಬೀಳುತ್ತದೆ, ಆಗ ನೋಡಬೇಕು ಎಂದರು. ಸಪ್ತಮಿಯ ಸಂಜೆ ಹೋದೆ. ಮೊದಲು ಬೆಸೆಲ್ ಸಿಕ್ಕಿತು. ಅಲ್ಲಿಂದ ಈಶಾನ್ಯಕ್ಕೆ ಮೆಲ್ಲನೆ ಸರಿಸಿದರು. ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ. ಒಂದು ಬದಿ ಕಪ್ಪು, ಇನ್ನೊಂದು ಬದಿ ಬೆಳ್ಳಗೆ. ಅಷ್ಟೆ. ಹೆಸರು ಎಲ್ಲಿಯೂ ಬರೆದಿರಲಿಲ್ಲ. ಆದರೆ ಆ ಕಪ್ಪು ಬದಿ ನೆರಳು, ಆ ನೆರಳಿನೊಳಗೆ ಆರೇಳು ಜೋಗಗಳ ಆಳವಿದೆ ಎಂದು ನನ್ನ ಕಣ್ಣಿಗೇ ತಿಳಿಯಿತು. ಅಲ್ಲಿಯವರೆಗೆ ನಾನು ಬಾಯಿಪಾಠ ಮಾಡಿದ್ದು ಬರಿಯ ಮಾತಾಗಿತ್ತು.

ಇದರಿಂದೇನು ಪ್ರಯೋಜನ ಎಂದು ಕೇಳುವವರುಂಟು. ಸಹಪಾಠಿಯೊಬ್ಬನು “ಆರ್ಟ್ಸಿನವನಿಗೆ ಚಂದ್ರ ಬೇಕಾದರೆ ಕವಿತೆಯಲ್ಲಿ ಇದ್ದಾನಲ್ಲ” ಎಂದ. ಇನ್ನೊಬ್ಬನು “ತೋಟಕ್ಕೆ ಕೊಳೆ ಬಂದಿದೆ, ಊರಿಗೆ ಬಸ್ಸಿಲ್ಲ, ನಿನಗೆ ಚಂದ್ರನ ಗುಂಡಿಯ ಚಿಂತೆ” ಎಂದ. ಎರಡನೆಯ ಮಾತು ಹಗುರವಾದುದಲ್ಲ. ಅದಕ್ಕೆ ಉತ್ತರ ಕೊಡಬೇಕು.

ನಮ್ಮ ಚಂದ್ರಯಾನ 2ರ ಇಳಿಗಾಡಿಗೆ ಸಾರಾಭಾಯಿಯವರ ನೆನಪಿಗಾಗಿ ವಿಕ್ರಮ್ ಎಂದೇ ಹೆಸರಿಟ್ಟಿದ್ದರು. ಅದು 2019ರ ಸೆಪ್ಟೆಂಬರ್ 7ರಂದು ಇಳಿಯುವಾಗ ಕೈತಪ್ಪಿತು. ಆದರೆ ಮೇಲೆ ಸುತ್ತುತ್ತಿದ್ದ ನೌಕೆ ಕೆಲಸ ಬಿಡಲಿಲ್ಲ. 2020ರ ಜುಲೈ 30ರಂದು ಅದು ಸಾರಾಭಾಯಿ ಕುಳಿಯ ಚಿತ್ರ ತೆಗೆಯಿತು. ಕುಳಿಯ ಆಳವನ್ನು ನಮ್ಮವರು ಹೇಳಿದ್ದು ಆ ಚಿತ್ರಗಳಿಂದಲೇ. ಅದರ ಗೋಡೆಗಳ ಇಳಿಜಾರು 25ರಿಂದ 35 ಡಿಗ್ರಿ ಎಂದೂ ಅಳೆದರು. ಇಳಿಜಾರನ್ನೇಕೆ ಅಳೆಯಬೇಕು? ಯಾವ ಇಳಿಜಾರು ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂದು ತಿಳಿಯದೆ ಯಂತ್ರವನ್ನು ಇಳಿಸಲಾಗದು, ಗಾಡಿಯನ್ನು ಓಡಿಸಲಾಗದು. 2023ರ ಆಗಸ್ಟ್ 23ರಂದು ಚಂದ್ರಯಾನ 3ರ ವಿಕ್ರಮ್ ಇಳಿಯಿತು. ನಾಲ್ಕು ದಿನಗಳ ಮೇಲೆ ಪ್ರಜ್ಞಾನ್ ಗಾಡಿಯ ಮುಂದೆ ಮೂರು ಮೀಟರು ದೂರದಲ್ಲಿ ನಾಲ್ಕು ಮೀಟರಿನ ಒಂದು ಕುಳಿ ಕಂಡಿತು. ಅದನ್ನು ಹಿಂದಕ್ಕೆ ತಿರುಗಿಸಿದರು. ಕುಳಿಯನ್ನು ಕಂಡದ್ದರಿಂದ ಗಾಡಿ ಉಳಿಯಿತು.

ಈಗ ನಮ್ಮ ನೆಲಕ್ಕೆ ಬನ್ನಿ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. ತೋಟ, ಮನೆ, ರಸ್ತೆಗಳು ಹಾಳಾದುವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಜನ ಸತ್ತರು. ಚಂದ್ರನಲ್ಲಿ ಮಳೆಯಿಲ್ಲ, ಅಲ್ಲಿಯ ಇಳಿಜಾರು ಕೋಟಿಗಟ್ಟಲೆ ವರ್ಷ ನಿಂತೀತು. ನಮ್ಮಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಮೂರೂವರೆ ಲಕ್ಷಕ್ಕೂ ಮಿಕ್ಕ ಕಿಲೋಮೀಟರು ದೂರದ ಗೋಡೆಯ ಇಳಿಜಾರನ್ನು ಹೇಳಬಲ್ಲ ದೇಶದಲ್ಲಿ, ಮನೆಯ ಹಿಂದಿನ ಧರೆಯ ಇಳಿಜಾರು ಎಷ್ಟೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅಳೆಯುವ ಅಭ್ಯಾಸ ಒಂದು ಕಡೆ ಹುಟ್ಟಿದರೆ ಎಲ್ಲ ಕಡೆಗೂ ಹಬ್ಬುತ್ತದೆ. ಚಂದ್ರನ ಕುಳಿಯಲ್ಲಿ ನೆರಳನ್ನು ನೋಡಿ ಆಳವನ್ನು ಊಹಿಸಿದ ಹುಡುಗನು ಊರಿನ ಗುಡ್ಡದಲ್ಲಿ ಬಿರುಕು ಕಂಡರೆ ಸುಮ್ಮನೆ ದಾಟಿ ಹೋಗಲಾರ. ಅವನು ಪಂಚಾಯತಿಯಲ್ಲಿ ಗುಮಾಸ್ತನಾಗಲಿ, ಶಾಲೆಯಲ್ಲಿ ಮಾಸ್ತರನಾಗಲಿ, ನೋಡಿ ಬರೆದಿಡುವ ಗುಣ ಅವನಲ್ಲಿ ಉಳಿಯುತ್ತದೆ. ನೋಟವನ್ನು ವಿಜ್ಞಾನದವರಿಗೆ, ವರ್ಣನೆಯನ್ನು ನಮಗೆ ಎಂದು ಪಾಲು ಮಾಡಿದವರು ಎರಡನ್ನೂ ಕೆಡಿಸಿದರು.

ಆದ್ದರಿಂದ ನನ್ನ ಸೂಚನೆ ಇಷ್ಟೆ. ಮೊದಲನೆಯದಾಗಿ, ಬೀರುವಿನಲ್ಲಿರುವ ದುರ್ಬೀನುಗಳು ಹೊರಗೆ ಬರಲಿ. ಎರಡನೆಯದಾಗಿ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಲೇಜುಗಳು ಕೂಡಿ ಆರು ಇಂಚಿನ ಒಂದು ದುರ್ಬೀನನ್ನು ಕೊಂಡು ಸರದಿಯ ಮೇಲೆ ಇಟ್ಟುಕೊಳ್ಳಲಿ. ಮಳೆಗಾಲ ಕಳೆದ ಮೇಲೆ ಪ್ರತಿ ತಿಂಗಳು ಷಷ್ಠಿ-ಸಪ್ತಮಿಗಳಲ್ಲಿ, ಪೇಟೆಯ ದೀಪಗಳಿಂದ ದೂರದ ಹಳ್ಳಿಯ ಶಾಲೆಯ ಬಯಲಿನಲ್ಲಿ ಅದನ್ನು ನಿಲ್ಲಿಸಲಿ. ವಿದ್ಯಾರ್ಥಿಗಳು ಕಂಡದ್ದನ್ನು ಕನ್ನಡದಲ್ಲಿ ಬರೆದಿಡಲಿ. ಮುಂದಿನ ವರ್ಷದ ಈ ಸಂಚಿಕೆಗೆ ಅದೇ ಲೇಖನವಾದೀತು. ಊರವರನ್ನೂ ಕರೆಯಲಿ, ಮುದುಕರನ್ನು ಮೊದಲು.

ಅಜ್ಜನ ಪ್ರಶ್ನೆಗೆ ಉತ್ತರ ಬಾಕಿ ಉಳಿಯಿತು. ಚಂದ್ರನಿಗೆ ಪಹಣಿ ಇಲ್ಲ. ಚಂದ್ರನನ್ನಾಗಲಿ ಅದರ ತುಂಡನ್ನಾಗಲಿ ಯಾವ ರಾಷ್ಟ್ರವೂ ತನ್ನದೆನ್ನಕೂಡದೆಂದು 1967ರ ಅಂತರಿಕ್ಷ ಒಪ್ಪಂದವಾಗಿದೆ. ನಮ್ಮ ದೇಶವೂ ಅದಕ್ಕೆ ಒಪ್ಪಿದೆ. ಹೆಸರು ಬರಿಯ ನೆನಪು, ಹಕ್ಕಲ್ಲ. ಸಾರಾಭಾಯಿ ಕುಳಿ ಸಾರಾಭಾಯಿಯವರ ಮನೆಯವರದೂ ಅಲ್ಲ. ಇದನ್ನು ಹೇಳಿದಾಗ ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾರೆ ಗೇಣಿಯೂ ಇಲ್ಲ ಅಂತಾತು. ನಂಗೂ ಒಂದ್ಸಲ ತೋರ್ಸು” ಎಂದರು. ಅವರಿಗೆ ಎಂಬತ್ತು ದಾಟಿದೆ. ಶಿರಸಿಯ ತಾರಸಿಗೆ ಏಣಿ ಹತ್ತಿ ಬರಲಾರರು. ದುರ್ಬೀನೇ ಊರಿಗೆ ಬರಬೇಕು.

ಹಾಗಾಗಿ, ನಾನು ಓದಿದ ಹೈಸ್ಕೂಲಿನ ಹಿರಿಯರಲ್ಲಿ ಈ ಪುಟದ ಮೂಲಕ ಒಂದು ಬಿನ್ನಹ. ಬರುವ ಷಷ್ಠಿಗೆ ಆ ಬೀರುವಿನ ಬೀಗ ತೆಗೆಸಿರಿ. ಹೊತ್ತು ತರುವವನು ನಾನು, ಮರಳಿ ಒಪ್ಪಿಸುವವನೂ ನಾನು. ಒಡೆದರೆ ಜವಾಬ್ದಾರಿ ಯಾರದೆಂಬ ಪ್ರಶ್ನೆಗೂ ಈಗ ಉತ್ತರವಿದೆ. ಮಂಡಿಯಲ್ಲಿ ನನಗೆ ಸಂಬಳ ಕೊಡುತ್ತಾರೆ, ಅದರಿಂದ ತೀರಿಸುತ್ತೇನೆ.

— ಅಂತಿಮ ಬಿ. ಎ. ವಿದ್ಯಾರ್ಥಿ